ಲೀಡ್ ಹುದ್ದೆ ಹೋಯಿತು, ಕಾರಣ ಯಾರೂ ಹೇಳಲಿಲ್ಲ

ಮೇಡಂ, ನನಗೆ 38 ವರ್ಷ. ಊರು ದಾವಣಗೆರೆ ಕಡೆ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದವನು ಇಲ್ಲೇ ನೆಲೆಸಿದ್ದೇನೆ. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ತಂಡದ ಲೀಡ್ ಆಗಿ ನಾಲ್ಕು ವರ್ಷ ಕೆಲಸ ಮಾಡಿದೆ. ಒಂಬತ್ತು ಜನರ ತಂಡ. ಅವರಲ್ಲಿ ಹೆಚ್ಚಿನವರನ್ನು ನಾನೇ ಇಂಟರ್‌ವ್ಯೂ ಮಾಡಿ ತೆಗೆದುಕೊಂಡಿದ್ದು.

ಎರಡು ತಿಂಗಳ ಹಿಂದೆ ದೊಡ್ಡದೊಂದು ರಿಲೀಸ್ ಇತ್ತು. ಲೋಡ್ ಟೆಸ್ಟಿಂಗ್ ಪೂರ್ತಿ ಆಗಿಲ್ಲ, ಇನ್ನೂ ಎರಡು ವಾರ ಬೇಕು ಎಂದು ಮ್ಯಾನೇಜರ್‌ಗೆ ಮೇಲ್ ಹಾಕಿದ್ದೆ. ‘ಕ್ಲೈಂಟ್‌ಗೆ ಡೇಟ್ ಕೊಟ್ಟಾಗಿದೆ, ಹೋಗೋಣ’ ಎಂದರು. ರಿಲೀಸ್ ಆದ ರಾತ್ರಿಯೇ ಸಿಸ್ಟಮ್ ಕುಸಿದು ಬಿತ್ತು, ಸರಿಪಡಿಸುವಷ್ಟರಲ್ಲಿ ಬೆಳಗಾಗಿತ್ತು. ಕಾರಣ ಹುಡುಕುವ ಮೀಟಿಂಗಿನಲ್ಲಿ ‘ಟೆಸ್ಟಿಂಗ್ ಟೀಮ್ ಮಿಸ್ ಮಾಡಿದೆ’ ಎಂದು ಬರೆದುಕೊಂಡರು. ನಾನು ಕಳಿಸಿದ್ದ ಮೇಲ್ ವಿಷಯ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮುಂದಿನ ಸೋಮವಾರ ಎಲ್ಲರೂ ಇದ್ದ ಕಾಲ್‌ನಲ್ಲಿ, ಇನ್ನು ಮುಂದೆ ತಂಡವನ್ನು ಬೇರೊಬ್ಬರು ನೋಡಿಕೊಳ್ಳುತ್ತಾರೆ ಎಂದು ಮ್ಯಾನೇಜರ್ ಹೇಳಿದರು. ಅದಕ್ಕೆ ಮೊದಲು ನನಗೆ ಒಂದು ಮಾತೂ ಹೇಳಿರಲಿಲ್ಲ. ಆಮೇಲೆ ಕೇಳಿದರೆ, ‘ಇದು ಡಿಮೋಷನ್ ಅಲ್ಲ, ಸ್ವಲ್ಪ ಹೊಂದಾಣಿಕೆ ಅಷ್ಟೆ. ನೀವು ಎಲ್ಲವನ್ನೂ ತಲೆಮೇಲೆ ಹೊತ್ತುಕೊಳ್ಳುತ್ತೀರಿ, ಕೆಲಸ ಹಂಚುವುದಿಲ್ಲ’ ಎಂದರು. ಈಗ ನನಗೆ ಟಾಸ್ಕ್ ಹಂಚುವವನು ನಾನೇ ಕೆಲಸ ಕಲಿಸಿದ ಹುಡುಗ.

ಮನೆಯಲ್ಲಿ ಹೆಂಡತಿ, ಮಕ್ಕಳಿಗೆ ಹೇಳಿಲ್ಲ. ಎಂದಿನಂತೆ ಹೊರಡುತ್ತೇನೆ, ಬರುತ್ತೇನೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಅಪ್ಪ ಊರಲ್ಲಿ ಎಲ್ಲರಿಗೂ ‘ನಮ್ಮ ಹುಡುಗನ ಕೈಕೆಳಗೆ ಒಂಬತ್ತು ಜನ’ ಎಂದು ಹೇಳಿಕೊಂಡು ಬಂದಿದ್ದಾರೆ. ಫ್ಲ್ಯಾಟಿನ ಕಂತು ಇದೆ. ರಾಜೀನಾಮೆ ಬಿಸಾಕಿ ಬರಲೇ, ಸಹಿಸಿಕೊಂಡು ಇರಲೇ? ಇಷ್ಟು ವರ್ಷ ಮಾಡಿದ್ದಕ್ಕೆಲ್ಲ ಏನರ್ಥ?

– ಹೆಸರು ಬೇಡ, ಬೆಂಗಳೂರು

ನಿಮ್ಮ ಪತ್ರವನ್ನು ಓದಿ ಮುಗಿಸಿದಾಗ ನನ್ನ ಮನಸ್ಸಿನಲ್ಲಿ ನಿಂತಿದ್ದು ಹುದ್ದೆ ಹೋದ ಸಂಗತಿಯಲ್ಲ, ಆ ಸೋಮವಾರದ ಕಾಲ್. ಹೆಚ್ಚಿನವರನ್ನು ನೀವೇ ಆರಿಸಿ ತಂದ ಆ ಒಂಬತ್ತು ಜನರೊಂದಿಗೆ, ಅವರಿಗೆ ಗೊತ್ತಾದ ಕ್ಷಣದಲ್ಲೇ ನಿಮಗೂ ಗೊತ್ತಾಯಿತು. ಮುಖ ಎಲ್ಲಿಡಬೇಕೆಂದು ತಿಳಿಯದ ಆ ಗಳಿಗೆ ನಿಮ್ಮನ್ನು ಇನ್ನೂ ಬಿಟ್ಟಿಲ್ಲ. ಮೂರು ಗಂಟೆಗೆ ಎಬ್ಬಿಸುತ್ತಿರುವುದು ಅದೇ ಎಂದು ನನ್ನ ಊಹೆ.

ಇಂಥದ್ದು ದೊಡ್ಡವರಿಗೂ ಆಗಿದೆ. 1979ರ ಬೇಸಿಗೆಯಲ್ಲಿ ಭಾರತ ಕ್ರಿಕೆಟ್ ತಂಡ ಇಂಗ್ಲೆಂಡ್ ಪ್ರವಾಸ ಮುಗಿಸಿ ವಿಮಾನದಲ್ಲಿ ಮರಳುತ್ತಿತ್ತು. ನಾಯಕರಾಗಿದ್ದವರು ಎಸ್. ವೆಂಕಟರಾಘವನ್. ದಾರಿಯಲ್ಲೇ ವಿಮಾನದ ಧ್ವನಿವರ್ಧಕದಲ್ಲಿ ಪೈಲಟ್ ಹೊಸ ನಾಯಕರನ್ನು ಅಭಿನಂದಿಸಿದರು. ಆ ಹೊಸ ನಾಯಕ ಸುನಿಲ್ ಗವಾಸ್ಕರ್. ತಮ್ಮನ್ನು ತೆಗೆದಿದ್ದಾರೆಂಬುದು ವೆಂಕಟರಾಘವನ್ ಅವರಿಗೆ ತಿಳಿದದ್ದು ಹಾಗೆ, ತಂಡದ ಅಷ್ಟೂ ಹುಡುಗರ ನಡುವೆ ಸೀಟಿನಲ್ಲಿ ಕೂತಿದ್ದಾಗ. ಆಮೇಲೂ ಅವರು ಗವಾಸ್ಕರ್ ನಾಯಕತ್ವದಲ್ಲೇ ಟೆಸ್ಟ್ ಆಡಿದರು, 1983ರವರೆಗೂ ಆಟದಲ್ಲಿದ್ದರು. ಮುಂದೆ ಅಂಪೈರ್ ಆಗಿ 73 ಟೆಸ್ಟ್‌ಗಳಲ್ಲಿ ನಿಂತರು. ‘ಅವರೂ ಸಹಿಸಿಕೊಂಡರು, ನೀವೂ ಸಹಿಸಿಕೊಳ್ಳಿ’ ಎಂದು ಹೇಳಲು ನಾನು ಇದನ್ನು ತರುತ್ತಿಲ್ಲ. ಅವರನ್ನು ನಡೆಸಿಕೊಂಡ ರೀತಿ ತಪ್ಪು, ಇವತ್ತಿಗೂ ತಪ್ಪು. ಆ ತಪ್ಪನ್ನು ಯಾರೂ ಸರಿಪಡಿಸದೆ ಇದ್ದರೂ ಅವರ ಮುಂದಿನ ಇಪ್ಪತ್ತೈದು ವರ್ಷ ಅದಕ್ಕಾಗಿ ಕಾಯುತ್ತಾ ಕೂರಲಿಲ್ಲ ಎಂಬುದನ್ನು ನೀವು ನೋಡಬೇಕು.

ನಿಮಗೆ ನಾನು ಹೇಳಬೇಕಾದದ್ದೂ ಇದೇ. ಕಂಪನಿಯಿಂದ ನ್ಯಾಯ ಸಿಗುವುದು ಒಂದು ಕೆಲಸ, ನೀವು ಚೇತರಿಸಿಕೊಳ್ಳುವುದು ಇನ್ನೊಂದು. ಎರಡಕ್ಕೂ ಪ್ರಯತ್ನ ಪಡಿ. ಆದರೆ ಎರಡನೆಯದನ್ನು ಮೊದಲನೆಯದಕ್ಕೆ ಗಂಟು ಹಾಕಬೇಡಿ. ‘ಅವರು ತಪ್ಪು ಒಪ್ಪಿಕೊಂಡ ಮೇಲೆ ನಾನು ಸರಿಹೋಗುತ್ತೇನೆ’ ಎಂದು ಕೂತರೆ, ನಿಮ್ಮ ನಿದ್ದೆಯ ಕೀಲಿಕೈಯನ್ನು ನೀವಾಗಿಯೇ ಆ ಮ್ಯಾನೇಜರ್ ಕೈಗೆ ಕೊಟ್ಟಂತಾಗುತ್ತದೆ.

ಇಷ್ಟು ನೋಯುತ್ತಿರುವುದು ನಿಮ್ಮ ಮನಸ್ಸು ದುರ್ಬಲ ಎಂಬ ಕಾರಣಕ್ಕೆ ಅಲ್ಲ. ಅಮೆರಿಕದ ಮನೋವಿಜ್ಞಾನಿ ಜೆರಾಲ್ಡ್ ಗ್ರೀನ್‌ಬರ್ಗ್ 1990ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಕಂಪನಿಯ ಎರಡು ಕಾರ್ಖಾನೆಗಳಲ್ಲಿ ಹತ್ತು ವಾರ ಕಾಲ ಸಂಬಳವನ್ನು ಶೇಕಡಾ 15ರಷ್ಟು ಕಡಿತ ಮಾಡಲಾಗಿತ್ತು. ಒಂದು ಕಡೆ ಮುಖ್ಯಸ್ಥರು ಬಂದು ಕೂತು, ಯಾಕೆ ಹೀಗಾಯಿತು ಎಂದು ಬಿಡಿಸಿ ಹೇಳಿ, ವಿಷಾದ ಸೂಚಿಸಿ, ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟರು. ಇನ್ನೊಂದು ಕಡೆ ನಾಲ್ಕು ಮಾತಿನಲ್ಲಿ ಘೋಷಿಸಿ ಎದ್ದು ಹೋದರು. ಕಾರಣ ಕೇಳಿಸಿಕೊಳ್ಳದ ಕಾರ್ಖಾನೆಯಲ್ಲಿ ಕಳವು ಹೆಚ್ಚಾಯಿತು, ಕೆಲಸ ಬಿಟ್ಟು ಹೋದವರೂ ಹೆಚ್ಚು. ಕಡಿತ ಎರಡೂ ಕಡೆ ಒಂದೇ. ಕಳೆದುಕೊಳ್ಳುವುದನ್ನು ಮನುಷ್ಯ ಹೇಗೋ ತಾಳಿಕೊಳ್ಳುತ್ತಾನೆ. ತನಗೊಂದು ಕಾರಣ ಹೇಳುವಷ್ಟೂ ಬೆಲೆ ಇಲ್ಲವೇ ಎನ್ನಿಸಿದಾಗ ಒಳಗೆ ಏನೋ ಮುರಿಯುತ್ತದೆ.

ಈಗ ಮನೆಯ ವಿಷಯ. ಇದನ್ನು ನಾಳೆಗೆ ಇಡಬೇಡಿ. ನಿಮ್ಮ ಹೆಂಡತಿಗೆ ಇವತ್ತೇ ಹೇಳಿ.

ಎರಡು ತಿಂಗಳಿಂದ ನೀವು ಮೂರು ಗಂಟೆಗೆ ಏಳುತ್ತಿದ್ದೀರಿ. ಪಕ್ಕದಲ್ಲಿ ಮಲಗಿದವರಿಗೆ ಅದು ಗೊತ್ತಾಗಿಲ್ಲ ಎಂದುಕೊಂಡಿದ್ದೀರಾ? ಕಾರಣ ಗೊತ್ತಿರದ ಗಂಡನ ಮೌನವನ್ನು ಹೆಂಡತಿ ತನ್ನದೇ ಲೆಕ್ಕದಲ್ಲಿ ಓದಿಕೊಳ್ಳುತ್ತಾಳೆ: ಇವರಿಗೆ ಕಾಯಿಲೆಯೋ, ನನ್ನ ಮೇಲೆ ಬೇಸರವೋ, ಸಾಲ ಮಾಡಿಕೊಂಡಿದ್ದಾರೋ. ನನ್ನ ಬಳಿ ಸಮಾಲೋಚನೆಗೆ ಬರುವ ದಂಪತಿಗಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಕೆಲಸದ ಕಷ್ಟ ಅವರನ್ನು ದೂರ ಮಾಡಿರುವುದಿಲ್ಲ, ಅದನ್ನು ಮುಚ್ಚಿಟ್ಟಿದ್ದು ಮಾಡಿರುತ್ತದೆ. ಮಕ್ಕಳು ಮಲಗಿದ ಮೇಲೆ ಹೇಳಿ. ಉದ್ದ ಬೇಡ. ‘ಆಫೀಸಿನಲ್ಲಿ ನನ್ನನ್ನು ಲೀಡ್ ಕೆಲಸದಿಂದ ತೆಗೆದರು. ಎರಡು ತಿಂಗಳಾಯಿತು. ನಿನಗೆ ಹೇಳೋಕೆ ನಾಚಿಕೆ ಆಯಿತು. ಕೆಲಸ ಇನ್ನೂ ಇದೆ. ಈಗ ಉಪಾಯ ಬೇಡ, ಸುಮ್ಮನೆ ಕೇಳಿಸಿಕೋ’ ಎಂದರೆ ಸಾಕು. ಅವರಿಗೆ ಸಿಟ್ಟು ಬರಬಹುದು. ಹುದ್ದೆ ಹೋದದ್ದಕ್ಕಲ್ಲ, ಎರಡು ತಿಂಗಳು ಹೇಳದೆ ಇದ್ದುದಕ್ಕೆ. ಆ ಸಿಟ್ಟಿಗೆ ಅವರಿಗೆ ಹಕ್ಕಿದೆ. ಅದನ್ನು ಕೇಳಿಸಿಕೊಳ್ಳಿ.

ಅಪ್ಪನಿಗೆ ಅಷ್ಟು ಅವಸರ ಬೇಕಿಲ್ಲ. ಮುಂದೆ ಊರಿಗೆ ಹೋದಾಗ ಎದುರು ಕೂತು ಹೇಳಿ, ಫೋನಿನಲ್ಲಿ ಬೇಡ. ಅವರು ಊರವರ ಮುಂದೆ ಹೇಳಿಕೊಂಡದ್ದು ಒಂಬತ್ತು ಜನರ ಲೆಕ್ಕಕ್ಕಲ್ಲ, ಮಗನ ಮೇಲಿನ ಹೆಮ್ಮೆಗೆ. ಜೀವನದಲ್ಲಿ ಏರುಪೇರು ಕಾಣದೆ ಯಾರೂ ಆ ವಯಸ್ಸಿಗೆ ಬಂದಿರುವುದಿಲ್ಲ. ನೀವು ನೆನೆಸಿದ್ದಕ್ಕಿಂತ ಅವರು ಗಟ್ಟಿ ಇರುತ್ತಾರೆ.

ನಿದ್ದೆ ಇನ್ನೂ ಎರಡು ವಾರ ಹೀಗೇ ಆದರೆ ವೈದ್ಯರನ್ನು ಕಾಣಿ. ರಕ್ತದೊತ್ತಡವನ್ನೂ ನೋಡಿಸಿ. ಲಂಡನ್ನಿನ ಸರ್ಕಾರಿ ನೌಕರರನ್ನು 1985ರಿಂದ ವರ್ಷಾನುಗಟ್ಟಲೆ ಗಮನಿಸಿದ ಎರಡನೇ ವೈಟ್‌ಹಾಲ್ ಅಧ್ಯಯನದಲ್ಲಿ, ಕೆಲಸದಲ್ಲಿ ನ್ಯಾಯವಾಗಿ ನಡೆಸಿಕೊಳ್ಳುತ್ತಾರೆ ಎನ್ನುವವರಿಗೆ ಹೃದಯದ ಕಾಯಿಲೆ ಕಡಿಮೆ ಎಂದು ಕಂಡುಬಂತು. ಅನ್ಯಾಯ ಮೈಗೂ ಇಳಿಯುತ್ತದೆ ಎಂದರೆ ಅದು ಬರೀ ಮಾತಲ್ಲ. ರಾತ್ರಿ ಯಾರೊಂದಿಗಾದರೂ ಮಾತಾಡಲೇಬೇಕು ಎನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದಿನದ ಯಾವ ಹೊತ್ತಿನಲ್ಲಾದರೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ‘ಎಲ್ಲ ಮುಗಿಯಿತು, ಇದ್ದೇನು ಪ್ರಯೋಜನ’ ಎಂಬ ಯೋಚನೆ ಒಮ್ಮೆ ಸುಳಿದರೂ ಅದೇ ರಾತ್ರಿ ಕರೆ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ.

ಇನ್ನು ಆಫೀಸು. ನಿಮ್ಮಿಂದ ನಿಜವಾಗಿ ಏನನ್ನು ಕಿತ್ತುಕೊಂಡಿದ್ದಾರೆ ಎಂಬುದು ನಿಮಗೇ ಪೂರ್ತಿ ಗೊತ್ತಿಲ್ಲ ಎಂದು ಪತ್ರ ಓದಿದರೆ ಅನ್ನಿಸುತ್ತದೆ. ನಿಮ್ಮಂಥ ಕಂಪನಿಗಳಲ್ಲಿ ರೋಲ್ ಬೇರೆ, ಗ್ರೇಡ್ ಬೇರೆ. ತಂಡ ನೋಡಿಕೊಳ್ಳುವ ಜವಾಬ್ದಾರಿ ಹೋಗಿ ಗ್ರೇಡ್ ಹಾಗೇ ಉಳಿದಿದ್ದರೆ ಅದೊಂದು ಮಟ್ಟದ ನಷ್ಟ. ಗ್ರೇಡೇ ಇಳಿದಿದ್ದರೆ ಮುಂದಿನ ಇನ್‌ಕ್ರಿಮೆಂಟು, ವೇರಿಯಬಲ್ ಪೇ, ಬೋನಸ್ ಎಲ್ಲವೂ ಅದರ ಹಿಂದೆ ಇಳಿಯುತ್ತವೆ. ಎಚ್‌ಆರ್ ಪೋರ್ಟಲ್ ತೆರೆದು ನಿಮ್ಮ ಹುದ್ದೆ, ಗ್ರೇಡ್, ರಿಪೋರ್ಟಿಂಗ್ ಯಾರಿಗೆ ಎಂದು ನೋಡಿ. ಎರಡು ತಿಂಗಳ ಹಿಂದಿನ ಪೇಸ್ಲಿಪ್‌ ಜೊತೆ ಈ ತಿಂಗಳದ್ದನ್ನು ಇಟ್ಟು ಒಂದೊಂದು ಸಾಲೂ ಹೋಲಿಸಿ. ನೇಮಕಾತಿ ಪತ್ರ, ಲೀಡ್ ಮಾಡಿದಾಗ ಕೊಟ್ಟ ಪತ್ರ, ನಾಲ್ಕು ವರ್ಷದ ಅಪ್ರೈಸಲ್ ಪತ್ರಗಳನ್ನು ಒಂದು ಕಡೆ ಸೇರಿಸಿ. ಅವು ನಿಮಗೆ ಕೊಟ್ಟ ಪತ್ರಗಳು, ನಿಮ್ಮ ಬಳಿ ಇರಬೇಕಾದವು.

ಒಂದು ಎಚ್ಚರಿಕೆ. ರಿಲೀಸಿಗೆ ಮೊದಲು ಕಳಿಸಿದ ಆ ಮೇಲ್ ಅನ್ನು ನಿಮ್ಮ ಸ್ವಂತ ಜಿಮೇಲ್‌ಗೆ ಫಾರ್ವರ್ಡ್ ಮಾಡಬೇಡಿ, ಸ್ಕ್ರೀನಿನ ಫೋಟೊ ತೆಗೆಯಬೇಡಿ. ಸಿಟ್ಟಿನಲ್ಲಿ ಹಲವರು ಮಾಡುವ ಕೆಲಸ ಇದು. ಕ್ಲೈಂಟ್‌ನ ಮಾಹಿತಿ ಇರುವ ಮೇಲ್ ಹೊರಗೆ ಹೋಯಿತೆಂದರೆ, ಅಲ್ಲಿಯವರೆಗೆ ನಿಮ್ಮ ಮೇಲೆ ಕ್ರಮ ತೆಗೆದುಕೊಳ್ಳಲು ಕಾರಣವೇ ಇರದಿದ್ದ ಕಂಪನಿಗೆ ನೀವೇ ಒಂದು ಕಾರಣ ಕೊಟ್ಟಂತೆ. ಮೇಲ್ ಕಂಪನಿಯ ಸರ್ವರ್‌ನಲ್ಲಿ ಇರುತ್ತದೆ. ಯಾವ ತಾರೀಖು, ಎಷ್ಟು ಗಂಟೆ, ಯಾರಿಗೆ, ವಿಷಯದ ಸಾಲು ಏನಿತ್ತು, ಅವರು ಏನೆಂದು ಉತ್ತರಿಸಿದರು ಎಂಬುದನ್ನು ಕ್ಲೈಂಟ್‌ನ ವಿವರ ಬಿಟ್ಟು ಮನೆಯ ಡೈರಿಯಲ್ಲಿ ಬರೆದಿಟ್ಟುಕೊಳ್ಳಿ.

ಆಮೇಲೆ ಮ್ಯಾನೇಜರ್‌ಗೂ ಎಚ್‌ಆರ್‌ಗೂ ಸೇರಿಸಿ ಒಂದು ಮೇಲ್ ಬರೆಯಿರಿ. ಒಂದೇ. ಅದರಲ್ಲಿ ನೋವೂ ಬೇಡ, ಆರೋಪವೂ ಬೇಡ. ಹೀಗಿರಲಿ: ‘ಇಂಥ ದಿನದ ಕಾಲ್‌ನಲ್ಲಿ ತಂಡದ ಜವಾಬ್ದಾರಿಯನ್ನು ಬೇರೆಯವರಿಗೆ ವಹಿಸಿದ್ದು ತಿಳಿಯಿತು. ನನ್ನ ಈಗಿನ ಹುದ್ದೆ, ಗ್ರೇಡ್ ಮತ್ತು ಜವಾಬ್ದಾರಿ ಏನು, ಈ ನಿರ್ಧಾರಕ್ಕೆ ಕಾರಣವೇನು, ಬರುವ ಅಪ್ರೈಸಲ್‌ನಲ್ಲಿ ನನ್ನನ್ನು ಯಾವ ಹುದ್ದೆಯ ಲೆಕ್ಕದಲ್ಲಿ ನೋಡುತ್ತೀರಿ ಎಂಬುದನ್ನು ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇನೆ. ರಿಲೀಸಿಗೆ ಮೊದಲು ಲೋಡ್ ಟೆಸ್ಟಿಂಗ್ ಕುರಿತು ನಾನು ಇಂಥ ತಾರೀಖಿನಂದು ಕಳಿಸಿದ ಮೇಲ್ ಅನ್ನು ಆ ಘಟನೆಯ ವರದಿಗೆ ಸೇರಿಸಬೇಕೆಂದೂ ಕೋರುತ್ತೇನೆ.’ ಬರೆದು ಒಂದು ರಾತ್ರಿ ಬಿಡಿ, ಬೆಳಿಗ್ಗೆ ಹೆಂಡತಿಗೆ ಓದಿ ಹೇಳಿ, ಆಮೇಲೆ ಕಳಿಸಿ. ಅಂದಿನ ಮೀಟಿಂಗಿನಲ್ಲಿ ಯಾಕೆ ಬಾಯಿ ಬಿಡಲಿಲ್ಲ ಎಂದು ನಿಮ್ಮನ್ನು ನೀವು ಬೈದುಕೊಳ್ಳುತ್ತಿದ್ದೀರಿ ಎಂದು ಬಲ್ಲೆ. ಎಲ್ಲರೆದುರು ತಪ್ಪು ಹೊರಿಸಿದಾಗ ಗಂಟಲು ಕಟ್ಟುವುದು ಸಹಜ. ಆದರೆ ಅಂದು ಕಟ್ಟಿದ ಗಂಟಲು ಇಂದೂ ಕಟ್ಟಿದ್ದರೆ, ಮುಂದಿನ ವರ್ಷ ಆ ವರದಿ ಓದುವವರಿಗೆ ನೀವು ಒಪ್ಪಿಕೊಂಡಂತೆಯೇ ಕಾಣುತ್ತದೆ.

ಉತ್ತರ ಬರದಿದ್ದರೆ? ಕಂಪನಿಯೊಳಗಿನ ದೂರು ನಿವಾರಣಾ ಸಮಿತಿಗೆ ಹೋಗಿ. ಇದು ಬಹಳ ಜನಕ್ಕೆ ಗೊತ್ತಿಲ್ಲ: ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ನೌಕರರ ಸೇವಾ ಷರತ್ತುಗಳನ್ನು ಬರಹದಲ್ಲಿ ಇಡಬೇಕೆನ್ನುವ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಕೊಡುತ್ತಾ ಬಂದಿತ್ತು, 2024ರಲ್ಲಿ ಅದನ್ನು ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಆದರೆ ಸುಮ್ಮನೆ ಅಲ್ಲ, ಷರತ್ತುಗಳ ಮೇಲೆ. ಮಾಲೀಕರ ಕಡೆಯವರೂ ನೌಕರರ ಕಡೆಯವರೂ ಸಮನಾಗಿರುವ ದೂರು ನಿವಾರಣಾ ಸಮಿತಿ ಇರಬೇಕು ಎಂಬುದು ಒಂದು. ಶಿಸ್ತುಕ್ರಮವಾಗಿ ಯಾರನ್ನಾದರೂ ಅಮಾನತು ಮಾಡಿದರೆ, ವಜಾ ಮಾಡಿದರೆ, ಹಿಂಬಡ್ತಿ ಕೊಟ್ಟರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬುದು ಇನ್ನೊಂದು. ಹಿಂಬಡ್ತಿ ಎಂಬ ಮಾತು ಅದರಲ್ಲಿ ಸೇರಿದೆ. ಎಚ್‌ಆರ್ ಜೊತೆ ಮಾತಾಡುವಾಗ ಇದು ನಿಮಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಾಗಲಿ, ದನಿ ಏರಿಸುವ ಅಗತ್ಯವಿಲ್ಲ. ಆ ಹಳೆಯ ಕಾಯ್ದೆಯ ಜಾಗಕ್ಕೆ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರಿನಲ್ಲಿ ಜಾರಿಗೆ ಬಂದಿರುವುದರಿಂದ, ಸಮಿತಿಯನ್ನು ದಾಟಿ ಮುಂದೆ ಹೋಗುವ ಮೊದಲು ಕಾರ್ಮಿಕ ಕಾನೂನು ಬಲ್ಲ ವಕೀಲರನ್ನು ಒಮ್ಮೆ ಕಾಣಿ. ಬೆಂಗಳೂರಿನಲ್ಲಿ ಐಟಿ ನೌಕರರದೇ ಸಂಘ, ಕೆಐಟಿಯು, ಇದೆ. ಅವರನ್ನೂ ಕೇಳಬಹುದು.

ಇಷ್ಟೆಲ್ಲ ಮಾಡಿದರೂ ಲೀಡ್ ಹುದ್ದೆ ವಾಪಸ್ ಬರುತ್ತದೆಂದು ನಾನು ಭರವಸೆ ಕೊಡಲಾರೆ. ಸಾಮಾನ್ಯವಾಗಿ ಬರುವುದಿಲ್ಲ. ವರದಿಯಲ್ಲಿ ನಿಮ್ಮ ಮೇಲ್ ಸೇರಿತೆಂದರೆ, ಕಾರಣ ಬರಹದಲ್ಲಿ ಸಿಕ್ಕಿತೆಂದರೆ, ಅಷ್ಟು ಸಿಕ್ಕಿದ್ದೂ ದೊಡ್ಡದೇ.

ಇನ್ನೊಂದು ಮಾತು ಹೇಳಬೇಕು, ಸ್ವಲ್ಪ ಖಾರವಾಗಬಹುದು. ನಿಮ್ಮ ಪತ್ರದಲ್ಲಿ ಮ್ಯಾನೇಜರ್ ಆಡಿದ ಒಂದು ಮಾತನ್ನು ನೀವು ದಾಖಲಿಸಿದ್ದೀರಿ: ಎಲ್ಲವನ್ನೂ ತಲೆಮೇಲೆ ಹೊತ್ತುಕೊಳ್ಳುತ್ತೀರಿ, ಕೆಲಸ ಹಂಚುವುದಿಲ್ಲ. ಅದು ಸುಳ್ಳು ಎಂದು ನೀವು ಎಲ್ಲೂ ಬರೆದಿಲ್ಲ. ರಿಲೀಸ್ ವಿಷಯದಲ್ಲಿ ನಿಮಗೆ ಅನ್ಯಾಯ ಆಗಿದೆ, ನೀವು ಹೇಳಿದಂತೆ ನಡೆದಿದ್ದರೆ ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅನ್ಯಾಯ ಮಾಡಿದವರ ಬಾಯಿಂದಲೂ ಒಂದು ನಿಜ ಬರಬಹುದು. ಎರಡು ವಾರ ಬೇಕು ಎಂದು ಒಬ್ಬರಿಗೆ ಮೇಲ್ ಹಾಕಿ, ಬೇಡ ಎಂದಾಗ ಸುಮ್ಮನಾಗಿ, ಆ ಕೊರತೆಯನ್ನು ರಾತ್ರಿಯೆಲ್ಲ ಕೂತು ತುಂಬಲು ನೋಡಿದ್ದೀರಾ? ಹಾಗಿದ್ದರೆ ಮುಂದಿನ ಸಲ ಲೀಡ್ ಆದಾಗ ಅಪಾಯವನ್ನು ಒಬ್ಬರಿಗೆ ಹೇಳಿ ಬಿಡಬೇಡಿ. ಮೇಲಿನವರಿಗೂ ತಿಳಿಸಿ, ‘ಹೀಗೇ ಮುಂದೆ ಹೋಗುವುದಾದರೆ ಒಪ್ಪಿಗೆ ಬರೆದುಕೊಡಿ’ ಎಂದು ಕೇಳಿ. ತಂಡದಲ್ಲಿ ನಿಮ್ಮ ಮುಖ ನೋಡಿ ಹೇಳಬಲ್ಲ ಒಬ್ಬರು ಇರುತ್ತಾರೆ. ಅವರನ್ನು ಕಾಫಿಗೆ ಕರೆದು ಈ ಮಾತು ನಿಜವೇ ಎಂದು ಕೇಳಿ, ಉತ್ತರಕ್ಕೆ ಸಮಜಾಯಿಷಿ ಕೊಡದೆ ಕೇಳಿಸಿಕೊಳ್ಳಿ. ಈ ಪ್ರಶ್ನೆಯನ್ನು ಇವತ್ತೇ ಎದುರಿಸಬೇಕಿಲ್ಲ, ಒಂದೆರಡು ತಿಂಗಳು ಬಿಟ್ಟರೂ ಆಗುತ್ತದೆ.

ನೀವು ಕಲಿಸಿದ ಆ ಹುಡುಗನ ಮೇಲೆ ಸಿಟ್ಟು ತೋರಬೇಡಿ. ಅವನು ಕೇಳಿ ಪಡೆದ ಹುದ್ದೆ ಇದು ಎನ್ನುವುದಕ್ಕೆ ನಿಮ್ಮ ಪತ್ರದಲ್ಲಿ ಏನೂ ಇಲ್ಲ. ನಿಮ್ಮೆದುರು ಟಾಸ್ಕ್ ಹಂಚುವಾಗ ಅವನ ದನಿಯೂ ಕುಗ್ಗುತ್ತಿರಬಹುದು. ಒಂದು ಸಲ ನೀವಾಗಿ ಹೋಗಿ, ‘ನೋಡಪ್ಪಾ, ಈ ವಿಷಯದಲ್ಲಿ ನನಗೆ ಬೇಜಾರಿದೆ, ಆದರೆ ಅದು ನಿನ್ನ ಮೇಲಲ್ಲ. ಮೀಟಿಂಗಿನಲ್ಲಿ ನಿನ್ನ ಮಾತು ತೆಗೆದುಹಾಕಲ್ಲ. ನನ್ನ ಅಭಿಪ್ರಾಯ ಬೇಕಿದ್ದರೆ ಕೇಳು’ ಎಂದು ಹೇಳಿ. ಹೇಳಿದಂತೆ ನಡೆಯಿರಿ. ಅದಕ್ಕಿಂತ ಕಷ್ಟದ್ದು ತಂಡದ ಉಳಿದವರ ಅನುಕಂಪ. ‘ನೀವೇ ಇರಬೇಕಿತ್ತು ಸರ್’ ಎಂದು ಲಂಚ್ ಹೊತ್ತಿನಲ್ಲಿ ಪಿಸುಗುಡುವವರು ಇರುತ್ತಾರೆ. ಕೇಳಲು ಹಿತ, ಆದರೆ ಆ ಮಾತು ನಿಮ್ಮನ್ನು ಹಳೆಯ ಕುರ್ಚಿಗೆ ಕಟ್ಟಿ ಹಾಕುತ್ತದೆ, ಮೇಲಿನವರ ಕಣ್ಣಿಗೆ ಗುಂಪುಗಾರಿಕೆಯಾಗಿಯೂ ಕಾಣುತ್ತದೆ. ‘ಥ್ಯಾಂಕ್ಸ್, ಕೆಲಸದ ಮಾತಾಡೋಣ’ ಎಂದು ಅಲ್ಲಿಗೇ ನಿಲ್ಲಿಸಿ.

ರಾಜೀನಾಮೆಯ ಪ್ರಶ್ನೆಗೆ ಬರುತ್ತೇನೆ. ಕೈಯಲ್ಲಿ ಇನ್ನೊಂದು ಕೆಲಸದ ಆಫರ್ ಇಲ್ಲದೆ ಬಿಡಬೇಡಿ. ಕಂತು ಕಟ್ಟಬೇಕಾದ ಮನುಷ್ಯ ನಿದ್ದೆಗೆಟ್ಟ ತಲೆಯಲ್ಲಿ ಮಾಡುವ ತೀರ್ಮಾನ ಅದಲ್ಲ. ಹಾಗೆಂದು ಸಹಿಸಿಕೊಂಡು ಬಿದ್ದಿರಿ ಎಂದೂ ಹೇಳಲಾರೆ. ಹುಡುಕಾಟ ಈಗಲೇ ಶುರುವಾಗಲಿ. ನೋಟಿಸ್ ಅವಧಿ ಮೂರು ತಿಂಗಳಾದರೆ ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ನಡುವೆ ನಿಮ್ಮನ್ನು ಪಿಐಪಿಗೆ, ಅಂದರೆ ಗುರಿ ಕೊಟ್ಟು ಕೆಲಸ ಸುಧಾರಿಸಿಕೊಳ್ಳಿ ಎನ್ನುವ ಯೋಜನೆಗೆ, ಹಾಕಿದರೆ, ಅದರ ಗುರಿಗಳನ್ನು ಬರಹದಲ್ಲಿ ಕೇಳಿ ಪಡೆಯಿರಿ, ಹುಡುಕಾಟದ ವೇಗ ಹೆಚ್ಚಿಸಿ. ಮುಂದಿನ ಅಪ್ರೈಸಲ್ ಫಲಿತಾಂಶವನ್ನು ಗಡಿ ಎಂದು ಇಟ್ಟುಕೊಳ್ಳಿ. ಅಷ್ಟರಲ್ಲಿ ಬರಹದಲ್ಲಿ ಉತ್ತರವೂ ಬಂದಿಲ್ಲ, ನಿಮ್ಮ ಕೆಲಸಕ್ಕೆ ತಕ್ಕ ಮಾತೂ ಇಲ್ಲ ಎಂದರೆ ಅಲ್ಲಿ ಇನ್ನು ಕಾಯುವಂಥದ್ದೇನೂ ಉಳಿದಿಲ್ಲ.

ಹುಡುಕಾಟಕ್ಕೆ ಇಳಿಯುವ ಮೊದಲು ಐದು ದಿನ, ದಿನಕ್ಕೆ ಇಪ್ಪತ್ತು ನಿಮಿಷ, ಈ ಸಂಗತಿಯ ಬಗ್ಗೆ ಅನ್ನಿಸಿದ್ದೆಲ್ಲವನ್ನೂ ಬರೆಯಿರಿ. ಕಾಗುಣಿತ ನೋಡಬೇಡಿ, ಯಾರಿಗೂ ತೋರಿಸಬೇಡಿ, ಬೇಕಿದ್ದರೆ ಆಮೇಲೆ ಹರಿದುಹಾಕಿ. ಅಮೆರಿಕದ ಡಲ್ಲಾಸ್‌ನಲ್ಲಿ ಕಂಪ್ಯೂಟರ್ ಕಂಪನಿಯೊಂದು ಕೆಲಸದಿಂದ ತೆಗೆದ 63 ವೃತ್ತಿಪರರ ಮೇಲೆ ನಡೆದ, 1994ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಜೇಮ್ಸ್ ಪೆನ್ನೆಬೇಕರ್ ಮತ್ತು ಸಹೋದ್ಯೋಗಿಗಳು ಕೆಲವರಿಗೆ ಇದೇ ರೀತಿ ಒಳಗಿನದನ್ನು ಬರೆಯಲು ಹೇಳಿದರು. ಹಾಗೆ ಬರೆದವರಿಗೆ ಉಳಿದವರಿಗಿಂತ ಬೇಗ ಕೆಲಸ ಸಿಕ್ಕಿತು. ಅವರು ಹೆಚ್ಚು ಅರ್ಜಿ ಹಾಕಿರಲಿಲ್ಲ, ಹೆಚ್ಚು ಫೋನ್ ಮಾಡಿರಲಿಲ್ಲ. ಹಳೆಯ ಕಂಪನಿಯ ಮೇಲಿನ ಕಹಿ ಕಾಗದಕ್ಕೆ ಇಳಿದು ಇಂಟರ್‌ವ್ಯೂ ಕೋಣೆಗೆ ಜೊತೆಗೆ ಹೋಗಲಿಲ್ಲ ಎಂಬುದು ನನಗೆ ಒಪ್ಪುವ ವಿವರಣೆ. ಇಷ್ಟು ಅಗ್ಗದ ಔಷಧಿ ನಮ್ಮ ವೃತ್ತಿಯಲ್ಲಿ ಕಡಿಮೆ.

ಇಂಟರ್‌ವ್ಯೂನಲ್ಲಿ ‘ನಾಲ್ಕು ವರ್ಷ ಲೀಡ್ ಆಗಿದ್ದವರು ಈಗ ಯಾಕೆ ಅಲ್ಲ?’ ಎಂದು ಕೇಳಿಯೇ ಕೇಳುತ್ತಾರೆ. ರೆಸ್ಯೂಮೆಯಲ್ಲಿ ಹುದ್ದೆಯನ್ನು ತಿದ್ದಿ ಬರೆಯಬೇಡಿ. ಹಿನ್ನೆಲೆ ಪರಿಶೀಲನೆಯಲ್ಲಿ ಕೊನೆಯ ಹುದ್ದೆ ಹೊರಬರುತ್ತದೆ, ರಿಲೀವಿಂಗ್ ಲೆಟರ್‌ನಲ್ಲೂ ಅದೇ ಇರುತ್ತದೆ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ತಂಡ ನಡೆಸಿದಿರಿ, ಅಲ್ಲಿಂದ ಈಚೆಗೆ ಏನು ಕೆಲಸ ಎಂದು ಇದ್ದದ್ದನ್ನು ಇದ್ದಂತೆ ಬರೆಯಿರಿ. ಕೇಳಿದಾಗ, ‘ಒಂಬತ್ತು ಜನರ ತಂಡವನ್ನು ನಾಲ್ಕು ವರ್ಷ ನಡೆಸಿದೆ. ಒಂದು ರಿಲೀಸ್ ಕೆಟ್ಟಿತು, ಅದರ ನಂತರ ಜವಾಬ್ದಾರಿ ಬದಲಾಯಿಸಿದರು. ಆ ರಿಲೀಸಿನ ಅಪಾಯವನ್ನು ಮೊದಲೇ ಬರಹದಲ್ಲಿ ತಿಳಿಸಿದ್ದೆ. ಇನ್ನೂ ಮೇಲಿನವರವರೆಗೆ ಒಯ್ಯಬೇಕಿತ್ತು ಎಂದು ಈಗ ಅನ್ನಿಸುತ್ತದೆ’ ಎಂದು ಹೇಳಿ, ಅಲ್ಲಿಗೆ ನಿಲ್ಲಿಸಿ, ಮುಂದಿನ ಪ್ರಶ್ನೆಗೆ ಕಾಯಿರಿ. ಮ್ಯಾನೇಜರ್ ಬಗ್ಗೆ ಒಂದು ಪದವೂ ಬೇಡ. ಕನ್ನಡಿ ಮುಂದೆ ಬೇಡ, ಹೆಂಡತಿಯ ಎದುರು ಕೂತು ಇದನ್ನು ಎರಡು ಮೂರು ಸಲ ಹೇಳಿ ನೋಡಿ. ಎಲ್ಲಿ ದನಿ ನಡುಗುತ್ತದೆ ಎಂದು ಅವರು ಹೇಳಬಲ್ಲರು.